ಉದ್ರಿ ಪುಸ್ತಕದಲ್ಲಿ ಬರೆಯದ ಸಾಲ

ಕಿರಾಣಿ ಅಂಗಡಿಗಳಲ್ಲಿ 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ನೀವು ನೋಡಿರುತ್ತೀರಿ. ಬೋರ್ಡು ಏನೇ ಹೇಳಲಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಉದ್ದನೆಯ ಪುಸ್ತಕ ಇದ್ದೇ ಇರುತ್ತದೆ. ಯಾರು ಒಯ್ದರು, ಎಷ್ಟು ಒಯ್ದರು, ಯಾವ ತಾರೀಖು ಅಂತ ಅದರಲ್ಲಿ ಬರೆದಿರುತ್ತಾರೆ. ಉರ್ದುವಿನಲ್ಲಿ ಉಧಾರ್, ನಮ್ಮ ಕಡೆಯ ಕನ್ನಡದಲ್ಲಿ ಉದ್ರಿ. ಆ ಪುಸ್ತಕ ಇರುವವರೆಗೆ ಅಂಗಡಿಯವನಿಗೆ ಸಾಲದ ಭಯ ಇಲ್ಲ. ಪುಸ್ತಕ ಕಳೆದ ದಿನ ಅವನ ನಿದ್ದೆ ಹಾರಿಹೋಗುತ್ತದೆ.

ಸಾಫ್ಟ್‌ವೇರ್ ಬರೆಯುವವರ ಲೋಕದಲ್ಲೂ ಇಂಥದ್ದೇ ಒಂದು ಸಾಲ ಇದೆ. ಅದಕ್ಕೆ 'ಟೆಕ್ನಿಕಲ್ ಡೆಟ್' ಅನ್ನುತ್ತಾರೆ. ನಾವು ತಾಂತ್ರಿಕ ಸಾಲ ಅನ್ನೋಣ. ಬಿಸಿಎ, ಡಿಪ್ಲೊಮಾ, ಬಿಇ ಓದುವ ನಮ್ಮ ಮಕ್ಕಳು ಕೆಲಸಕ್ಕೆ ಸೇರಿದ ಕೂಡಲೇ ಈ ಪದ ಕೇಳುತ್ತಾರೆ. ಕಂಪ್ಯೂಟರ್ ಓದದವರಿಗೂ ಇದು ಗೊತ್ತಿದ್ದರೆ ಒಳ್ಳೆಯದು. ಯಾಕೆಂದರೆ ಈ ಸಾಲ ಮಾಡುವವರು ಒಬ್ಬರು, ತೀರಿಸುವವರು ಇನ್ನೊಬ್ಬರು. ತೀರಿಸುವವರ ಸಾಲಿನಲ್ಲಿ ಬಹಳ ಸಲ ನಾವೇ ನಿಂತಿರುತ್ತೇವೆ.

ಅಸಲು ಮತ್ತು ಬಡ್ಡಿ

ಈ ಹೋಲಿಕೆ ಕೊಟ್ಟವರು ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ಪ್ರೋಗ್ರಾಮರ್. ವಿಕಿ ಎಂಬ ಕಲ್ಪನೆಯನ್ನು ಮೊದಲು ಕೊಟ್ಟವರೂ ಇವರೇ. 1992ರಲ್ಲಿ ಅವರು ವೈಕ್ಯಾಶ್ ಎಂಬ ಹಣಕಾಸಿನ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತಿದ್ದರು. ವಿಷಯ ಪೂರ್ತಿ ಅರ್ಥವಾಗುವ ಮೊದಲೇ ಬರೆದು ಕೊಟ್ಟ ಕೋಡ್ ಸಾಲ ಇದ್ದಂತೆ. ಬೇಗ ತೀರಿಸಿದರೆ ಅದು ಕೆಲಸವನ್ನು ಮುಂದಕ್ಕೆ ಒಯ್ಯುತ್ತದೆ, ತೀರಿಸದೆ ಬಿಟ್ಟರೆ ಬಡ್ಡಿ ಬೆಳೆಯುತ್ತದೆ ಎಂಬರ್ಥದಲ್ಲಿ ಅವರು ಬರೆದರು. ಬಡ್ಡಿ ಎಂಬ ಪದ ನಮ್ಮಲ್ಲಿ ಅನೇಕರ ಕಿವಿಗೆ ಹಿತವಲ್ಲ ಅಂತ ಗೊತ್ತು. ಇಲ್ಲಿ ಅದು ಹೋಲಿಕೆ ಮಾತ್ರ.

ಶಾಲೆಯ ಉದಾಹರಣೆ ತೆಗೆದುಕೊಳ್ಳಿ. ಅಂಕಪಟ್ಟಿ ತಯಾರಿಸಲು ಒಬ್ಬ ಹುಡುಗ ಪ್ರೋಗ್ರಾಂ ಬರೆಯುತ್ತಾನೆ. ಶಾಲೆಯಲ್ಲಿ ಆರು ವಿಷಯ ಇವೆ. ಅವನು 'ಆರು' ಎಂಬ ಅಂಕಿಯನ್ನು ಕೋಡಿನ ನಲವತ್ತು ಕಡೆ ನೇರವಾಗಿ ಬರೆದುಬಿಡುತ್ತಾನೆ. ನಾಳೆಯೇ ರಿಸಲ್ಟ್ ಕೊಡಬೇಕು, ಕೆಲಸ ಆಗುತ್ತದೆ, ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಮುಂದಿನ ವರ್ಷ ಏಳನೆಯ ವಿಷಯ ಬರುತ್ತದೆ. ಈಗ ನಲವತ್ತು ಕಡೆ ತಿದ್ದಬೇಕು. ಮೂವತ್ತೊಂಬತ್ತು ಕಡೆ ತಿದ್ದಿ ಒಂದು ಕಡೆ ಮರೆತರೆ ಯಾರದೋ ಶೇಕಡಾವಾರು ತಪ್ಪಾಗುತ್ತದೆ. ಆರನ್ನು ಒಂದೇ ಜಾಗದಲ್ಲಿ ಇಡದೆ ಹೋದದ್ದು ಅಸಲು. ಪ್ರತಿ ವರ್ಷ ಆ ನಲವತ್ತು ಜಾಗ ಹುಡುಕುವ ಶ್ರಮ ಬಡ್ಡಿ. ಹುಡುಗ ಅಷ್ಟರಲ್ಲಿ ಬೆಂಗಳೂರಿಗೆ ಹೋಗಿರುತ್ತಾನೆ. ಬಡ್ಡಿ ಕಟ್ಟುವವರು ಶಾಲೆಯ ಗುಮಾಸ್ತರು ಮತ್ತು ಆ ಒಬ್ಬ ವಿದ್ಯಾರ್ಥಿ.

ಇದು ಸಣ್ಣ ಲೆಕ್ಕ. ದೊಡ್ಡದು ಬೇಕಾದರೆ 2000ನೇ ಇಸವಿಯನ್ನು ನೆನಪಿಸಿಕೊಳ್ಳಿ. ಕಂಪ್ಯೂಟರಿನ ಮೆಮೊರಿ ತುಂಬಾ ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದರು. 1965 ಅಂದರೆ 65. ಆಗ ಅದು ಜಾಣತನ. 2000 ಹತ್ತಿರ ಬಂದಾಗ '00' ಅಂದರೆ 1900 ಅಂತ ಯಂತ್ರ ತಿಳಿದುಕೊಳ್ಳುವ ಅಪಾಯ ಎದುರಾಯಿತು. ಜಗತ್ತಿನ ಬ್ಯಾಂಕು, ವಿಮೆ ಕಂಪನಿಗಳೆಲ್ಲ ಹಳೆಯ ಕೋಡನ್ನು ಸಾಲು ಸಾಲಾಗಿ ತಿದ್ದಿಸಬೇಕಾಯಿತು. ಆ ಕೆಲಸದ ದೊಡ್ಡ ಪಾಲು ಭಾರತಕ್ಕೆ ಬಂತು. ಬೆಂಗಳೂರಿನ ಐಟಿ ಕಂಪನಿಗಳು ಬೆಳೆದದ್ದರಲ್ಲಿ, ಬೇರೆ ದೇಶಗಳು ಮೂವತ್ತು ವರ್ಷ ಹಿಂದೆ ಮಾಡಿದ ತಾಂತ್ರಿಕ ಸಾಲವನ್ನು ತೀರಿಸಿಕೊಟ್ಟ ಸಂಪಾದನೆಯೂ ಸೇರಿದೆ.

ತಾರೀಖು ಬದಲಾಗದ ಊರು: ನಾಸಿಕ್

ಈ ಸಾಲ ಹೇಗೆ ಹುಟ್ಟುತ್ತದೆ ಅಂತ ತಿಳಿಯಲು ಮಹಾರಾಷ್ಟ್ರದ ಎರಡು ಊರುಗಳು ನಮಗೆ ಚೆನ್ನಾಗಿ ಪಾಠ ಹೇಳುತ್ತವೆ. ಮೊದಲನೆಯದು ನಾಸಿಕ್.

ಗೋದಾವರಿ ದಡದ ಈ ಊರಿನಲ್ಲಿ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಕುಂಭಮೇಳ. 2003ರ ಮೇಳದಲ್ಲಿ ನೂಕುನುಗ್ಗಲಾಗಿ 39 ಮಂದಿ ಸತ್ತರು. 2015ರ ಮೇಳ ಹತ್ತಿರವಾದಾಗ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಪ್ರಾಧ್ಯಾಪಕ ರಮೇಶ್ ರಸ್ಕರ್ ತಮ್ಮ ಹುಟ್ಟೂರು ನಾಸಿಕ್‌ಗೆ ಬಂದು 'ಕುಂಭಥಾನ್' ಎಂಬ ಶಿಬಿರಗಳನ್ನು 2014ರಿಂದ ನಡೆಸಿದರು. ವಿದೇಶದ ಸಂಶೋಧಕರು, ಸ್ಥಳೀಯ ಕಾಲೇಜು ವಿದ್ಯಾರ್ಥಿಗಳು, ಊರಿನ ವ್ಯಾಪಾರಿಗಳು, ಅಧಿಕಾರಿಗಳು ಒಂದೇ ಕಡೆ ಕೂತು ಜನಸಂದಣಿ, ಆರೋಗ್ಯ, ವಸತಿ ಇಂಥ ಸಮಸ್ಯೆಗಳಿಗೆ ಪರಿಹಾರ ಹುಡುಕಿದರು. ನಾಸಿಕ್‌ನ ಹದಿಹರೆಯದ ವಿದ್ಯಾರ್ಥಿ ನಿಲಯ್ ಕುಲಕರ್ಣಿ ಮತ್ತು ಗೆಳೆಯರು ಮಾಡಿದ 'ಅಶಿಯೊಟೊ' ಎಂಬ ಚಾಪೆ ಇದೇ ವಾತಾವರಣದಲ್ಲಿ ಬೆಳೆದದ್ದು. ಜನ ತುಳಿದುಕೊಂಡು ಹೋದ ಹಾಗೆ ಅದು ಎಣಿಕೆ ಮಾಡುತ್ತದೆ. ಎಲ್ಲಿ ಜನ ಹೆಚ್ಚಾಗುತ್ತಿದ್ದಾರೆ ಅಂತ ಮೊದಲೇ ತಿಳಿದರೆ ನೂಕುನುಗ್ಗಲು ತಡೆಯಬಹುದು ಎಂಬುದು ಅದರ ಹಿಂದಿನ ಯೋಚನೆ. ಅಶಿಯೊಟೊ ಅಂದರೆ ಜಪಾನಿ ಭಾಷೆಯಲ್ಲಿ ಹೆಜ್ಜೆ ಸಪ್ಪಳ. ಆಮೇಲೆ ಟಿಸಿಎಸ್ ಸಂಸ್ಥೆಯ ನೆರವಿನಿಂದ ನಾಸಿಕ್‌ನಲ್ಲಿ 'ಡಿಜಿಟಲ್ ಇಂಪ್ಯಾಕ್ಟ್ ಸ್ಕ್ವೇರ್' ಎಂಬ ಕೇಂದ್ರವೂ ನಡೆಯಿತು.

ಇಂಥ ಶಿಬಿರದ ಲೆಕ್ಕಾಚಾರವನ್ನು ಸ್ವಲ್ಪ ಯೋಚಿಸಿ. ಸ್ನಾನದ ಮುಹೂರ್ತ ಯಾವ ಪ್ರೋಗ್ರಾಮರ್‌ಗೂ ಕಾಯುವುದಿಲ್ಲ. ಪರಿಪೂರ್ಣ ಸಾಫ್ಟ್‌ವೇರ್ ಮೇಳ ಮುಗಿದ ಮೇಲೆ ಬಂದರೆ ಏನು ಉಪಯೋಗ? ಆಗ ಸಾಲ ಮಾಡುವುದೇ ಸರಿ. ಮದುವೆ ತಾರೀಖು ಗೊತ್ತಾದ ಮೇಲೆ ಮನೆಗೆ ಸುಣ್ಣ ಹೊಡೆಸುವವರು ಗೋಡೆಯ ಬಿರುಕನ್ನು ಸದ್ಯಕ್ಕೆ ಮುಚ್ಚುತ್ತಾರಲ್ಲ, ಹಾಗೆ. ಪ್ರಶ್ನೆ ಇರುವುದು ನೆಂಟರು ಹೋದ ಮೇಲೆ. ಬಿರುಕು ಎಲ್ಲಿದೆ ಅಂತ ಯಾರಿಗೆ ನೆನಪಿದೆ?

ಮುಂದಿನ ಮೇಳ 2027ಕ್ಕೆ. ಹನ್ನೆರಡು ವರ್ಷ ಸಾಫ್ಟ್‌ವೇರ್ ಪಾಲಿಗೆ ಒಂದು ತಲೆಮಾರು. 2015ರಲ್ಲಿ ಪೈಥಾನ್ ಭಾಷೆಯ ಎರಡನೇ ಆವೃತ್ತಿಯಲ್ಲಿ ಬರೆದ ಯಾವುದೇ ಪ್ರೋಗ್ರಾಂಗೆ 2020ರ ಜನವರಿ 1ಕ್ಕೆ ಅಧಿಕೃತ ಬೆಂಬಲ ನಿಂತುಹೋಯಿತು. ಆಂಡ್ರಾಯ್ಡ್ ಆ್ಯಪ್‌ಗಳನ್ನು ಪ್ಲೇಸ್ಟೋರಿನಲ್ಲಿ ಉಳಿಸಿಕೊಳ್ಳಲು ಗೂಗಲ್ ಕಾಲಕಾಲಕ್ಕೆ ಹೊಸ ನಿಯಮ ತರುತ್ತದೆ. ಅಂದರೆ ಕೋಡನ್ನು ಯಾರೂ ಮುಟ್ಟದಿದ್ದರೂ ಸುತ್ತಲಿನ ಲೋಕ ಬದಲಾಗಿ ಸಾಲ ತಾನಾಗಿ ಬೆಳೆಯುತ್ತದೆ. ವಿದೇಶದ ತಜ್ಞರು ವಿಮಾನ ಹತ್ತಿ ಹೋಗುತ್ತಾರೆ, ವಿದ್ಯಾರ್ಥಿಗಳು ಪಾಸಾಗಿ ಹೋಗುತ್ತಾರೆ. ಊರು ಅಲ್ಲೇ ಉಳಿಯುತ್ತದೆ, ಜನಸಂದಣಿ ಮತ್ತೆ ಬರುತ್ತದೆ. ಆದ್ದರಿಂದ ಇಂಥ ಯಾವುದೇ ಶಿಬಿರದ ಕೊನೆಯ ದಿನ ಬಹುಮಾನ ಹಂಚುವುದರ ಜೊತೆಗೆ, 'ನಾವು ಅವಸರದಲ್ಲಿ ಬಿಟ್ಟದ್ದು ಇವಿಷ್ಟು' ಎಂಬ ಒಂದು ಪುಟವನ್ನೂ ಊರಿನವರ ಕೈಗೆ ಕೊಡಬೇಕು.

ಹೆಸರು ಬದಲಾದ ಊರು: ಛತ್ರಪತಿ ಸಂಭಾಜಿನಗರ

ಎರಡನೆಯ ಊರು ಮರಾಠವಾಡದ್ದು. 1610ರಲ್ಲಿ ಮಲಿಕ್ ಅಂಬರ್ ಕಟ್ಟಿದಾಗ ಅದು ಖಡ್ಕಿ. ಮಗ ಫತೇಖಾನನ ಕಾಲದಲ್ಲಿ ಫತೇನಗರ. ಔರಂಗಜೇಬ್ ದಖ್ಖನ್‌ನ ಸುಬೇದಾರನಾಗಿದ್ದಾಗ ಔರಂಗಾಬಾದ್. 2023ರಿಂದ ಛತ್ರಪತಿ ಸಂಭಾಜಿನಗರ. ಈ ಕೊನೆಯ ಬದಲಾವಣೆ ಬಗ್ಗೆ ಊರಿನಲ್ಲಿ ಬೇರೆ ಬೇರೆ ಅಭಿಪ್ರಾಯ ಇತ್ತು, ವಿಷಯ ಹೈಕೋರ್ಟಿಗೂ ಹೋಯಿತು, 2024ರಲ್ಲಿ ಅರ್ಜಿಗಳು ವಜಾ ಆದವು. ಆ ಚರ್ಚೆ ಇಲ್ಲಿ ಬೇಡ. ನಮ್ಮ ಪ್ರಶ್ನೆ ಬೇರೆ: ನಾಲ್ಕು ನೂರು ವರ್ಷದಲ್ಲಿ ನಾಲ್ಕು ಹೆಸರು ಕಂಡ ಊರನ್ನು ಕಂಪ್ಯೂಟರ್ ಹೇಗೆ ನೆನಪಿಡಬೇಕು?

ದತ್ತಾಂಶ ಕೂಡಿಸುವವರು ಸುಲಭಕ್ಕೆಂದು ಊರಿನ ಹೆಸರನ್ನೇ ಗುರುತಾಗಿ ಇಟ್ಟುಕೊಳ್ಳುತ್ತಾರೆ. ಹೆಸರು ಬದಲಾದ ಮರುದಿನ ಹಳೆಯ ಪಟ್ಟಿಯ ಔರಂಗಾಬಾದ್ ಮತ್ತು ಹೊಸ ಪಟ್ಟಿಯ ಛತ್ರಪತಿ ಸಂಭಾಜಿನಗರ ಯಂತ್ರಕ್ಕೆ ಎರಡು ಊರಾಗುತ್ತವೆ. ಬಿಹಾರದಲ್ಲಿ ಇನ್ನೊಂದು ಔರಂಗಾಬಾದ್ ಇರುವುದು ಬೇರೆ ಗೊಂದಲ. ನಾಸಿಕ್ ಕೂಡ ಇಂಗ್ಲಿಷ್ ಕಾಗದಗಳಲ್ಲಿ ಎರಡು ಬಗೆಯ ಕಾಗುಣಿತದಲ್ಲಿ ಸಿಗುತ್ತದೆ; ಕನ್ನಡದಲ್ಲಿ ನಾವು ನಾಸಿಕ್ ಅಂದರೆ ಮರಾಠಿಯವರು ನಾಶಿಕ್ ಅನ್ನುತ್ತಾರೆ.

ಈಗ ಬೇರೆ ಗುರುತುಗಳನ್ನು ನೋಡಿ. ಗಾಡಿಗಳ ನಂಬರು ಮೊದಲೂ ಎಂಎಚ್-20, ಈಗಲೂ ಎಂಎಚ್-20. ಪಿನ್ ಕೋಡ್ 431001 ಹಾಗೇ ಇದೆ. ಆದರೆ ರೈಲ್ವೆ ಸ್ಟೇಶನ್ನಿನ ಹಳೆಯ ಕೋಡ್ 'ಎಡಬ್ಲ್ಯುಬಿ' ಔರಂಗಾಬಾದ್ ಎಂಬ ಹೆಸರಿನ ಕಾಲದ್ದು. 2025ರಲ್ಲಿ ಸ್ಟೇಶನ್ನಿನ ಹೆಸರು ಬದಲಾದಾಗ ಅದೂ 'ಸಿಪಿಎಸ್‌ಎನ್' ಆಯಿತು. ನಮ್ಮಲ್ಲೂ ಹೀಗೇ ಆಗಿದೆ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರು ಬದಲಾದವು. ಗುಲ್ಬರ್ಗದ ರೈಲ್ವೆ ಕೋಡ್ 'ಜಿಆರ್' ಇದ್ದದ್ದು ಈಗ 'ಕೆಎಲ್‌ಬಿಜಿ'. ಕಲಬುರಗಿಯ ಗಾಡಿಗಳು ಮಾತ್ರ ಕೆಎ-32ರಲ್ಲೇ ಓಡುತ್ತಿವೆ.

ಇದರಲ್ಲಿ ಪ್ರೋಗ್ರಾಂ ಕಲಿಯುವವರಿಗೆ ಒಂದು ಪಕ್ಕಾ ಸೂತ್ರ ಸಿಗುತ್ತದೆ. ಗುರುತಿನ ಸಂಖ್ಯೆಯೊಳಗೆ ಅರ್ಥ ತುಂಬಬೇಡಿ. ಅರ್ಥ ಇದ್ದದ್ದು ಅರ್ಥದ ಜೊತೆ ಬದಲಾಗುತ್ತದೆ. 20 ಎಂಬ ಅಂಕಿಗೆ ಊರಿನ ಇತಿಹಾಸ ಗೊತ್ತಿಲ್ಲ, ಹಾಗಾಗಿ ಅದು ಉಳಿಯಿತು. ಹೆಸರನ್ನು ಒಂದು ಪ್ರತ್ಯೇಕ ಕೋಷ್ಟಕದಲ್ಲಿ ಇಟ್ಟು, ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಹೆಸರಿತ್ತು ಅಂತ ಪಕ್ಕದಲ್ಲಿ ಬರೆದರೆ ಖಡ್ಕಿಯೂ ಕಳೆಯುವುದಿಲ್ಲ, ಸಂಭಾಜಿನಗರವೂ ತಪ್ಪುವುದಿಲ್ಲ. ಮೊದಲೇ ಹೀಗೆ ಮಾಡಿದರೆ ಅರ್ಧ ದಿನದ ಕೆಲಸ. ಮಾಡದಿದ್ದರೆ 2022ರಲ್ಲಿ ಪಾಸಾದ ಹುಡುಗಿಯ ಹಳೆಯ ಪ್ರಮಾಣಪತ್ರದ ಊರು, 2024ರ ಅರ್ಜಿಯ ಊರಿಗೆ ಹೊಂದುವುದಿಲ್ಲ. ಅಫಿಡವಿಟ್ ಮಾಡಿಸಲು ಓಡಾಡುವವಳು ಅವಳು. ಬಡ್ಡಿ ಅಂದರೆ ಇದೇ.

ಓದುವವರಿಲ್ಲದ ಬರಹ

ಮರಾಠವಾಡ, ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದ ಕಂದಾಯ ದಾಖಲೆಗಳಲ್ಲಿ ಉರ್ದು ಬಹಳ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಕುಣಬಿ ಜಾತಿಯ ಹಳೆಯ ದಾಖಲೆ ಹುಡುಕಲು ನಿವೃತ್ತ ನ್ಯಾಯಮೂರ್ತಿ ಸಂದೀಪ್ ಶಿಂದೆ ಅವರ ಸಮಿತಿ ನೇಮಿಸಿದಾಗ, ಉರ್ದು ಮತ್ತು ಮೋಡಿ ಲಿಪಿ ಓದಬಲ್ಲವರಿಗಾಗಿ ಹುಡುಕಾಟ ನಡೆಯಿತು. ಕಾಗದ ಭದ್ರವಾಗಿತ್ತು, ಓದುವವರು ಕಡಿಮೆಯಾಗಿದ್ದರು. ಸಾಫ್ಟ್‌ವೇರ್ ಸಂಶೋಧಕರು ಇಂಥದ್ದಕ್ಕೆ 'ದಾಖಲಾತಿ ಸಾಲ' ಅನ್ನುತ್ತಾರೆ: ಕೋಡ್ ಓಡುತ್ತಿದೆ, ಅದು ಯಾಕೆ ಹಾಗಿದೆ ಅಂತ ಹೇಳುವವರಿಲ್ಲ.

ಇದೇ ಸಾಲವನ್ನು ನಮ್ಮ ತಲೆಮಾರು ಕಂಪ್ಯೂಟರಿನಲ್ಲೂ ಮಾಡಿದೆ. 1994ರಲ್ಲಿ ಬಂದ ಇನ್‌ಪೇಜ್ ಉರ್ದು ಪತ್ರಿಕೆಗಳಿಗೆ ದೊಡ್ಡ ಉಪಕಾರ ಮಾಡಿತು. ಕಾತಿಬರ ಕೈಬರಹದಂಥ ನಸ್ತಾಲೀಕ್ ಪರದೆಯ ಮೇಲೆ ಬಂತು. ಕನ್ನಡದಲ್ಲಿ ನುಡಿ, ಬರಹ ತಂತ್ರಾಂಶಗಳು ಅದೇ ಉಪಕಾರ ಮಾಡಿದವು. ಆದರೆ ಆ ಕಾಲದ ಕಡತಗಳು ತಮ್ಮದೇ ಗುಪ್ತ ಸಂಕೇತಗಳಲ್ಲಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ನುಡಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಂತೆ ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ, ಕುರುಡರಿಗೆ ಓದಿಹೇಳುವ ಯಂತ್ರಕ್ಕೂ ಅರ್ಥವಾಗುವುದಿಲ್ಲ.

ಈ ಸಾಲ ತೀರಿಸುವ ದಾರಿ ಒಂದೇ ದೇಶದಿಂದ ಬರಲಿಲ್ಲ. 1991ರಲ್ಲಿ ಮೊದಲ ಆವೃತ್ತಿ ಕಂಡ ಯುನಿಕೋಡ್, ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೆ ಒಂದು ಶಾಶ್ವತ ಸಂಖ್ಯೆ ಕೊಡುವ ಅಂತಾರಾಷ್ಟ್ರೀಯ ಏರ್ಪಾಡು. ಕನ್ನಡದ 'ಕ' 3221. ಉರ್ದುವಿನ ಕಾಫ್ 1705. ಅರಬಿಯ ಕಾಫ್ ಬೇರೆ, 1603. ಅರಬಿ ಕೀಬೋರ್ಡಿನಲ್ಲಿ ಉರ್ದು ಟೈಪ್ ಮಾಡಿದರೆ ಕಣ್ಣಿಗೆ ಒಂದೇ ಕಂಡರೂ ಹುಡುಕಾಟದಲ್ಲಿ ಪದ ಸಿಗದೆ ಹೋಗಬಹುದು. ಇಂಥ ಸೂಕ್ಷ್ಮ ಹೇಳಬಲ್ಲವರು ಆ ಭಾಷೆ ಬಲ್ಲವರೇ. ಅವರು ಮೇಜಿನ ಸುತ್ತ ಇಲ್ಲದಿದ್ದರೆ ಎಷ್ಟು ದೇಶ ಸೇರಿದರೂ ಕೆಲಸ ಅರ್ಧ.

ದೇಶಗಳು ಕೂಡಿ ಇಟ್ಟ ಲೆಕ್ಕ

ತಾಂತ್ರಿಕ ಸಾಲವನ್ನು ನಿಭಾಯಿಸುವುದು ಈಗ ಒಂದು ಅಧ್ಯಯನ ವಿಷಯ. 2010ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಕಾರ್ಯಾಗಾರ ನಡೆಯಿತು. 2016ರ ಏಪ್ರಿಲ್‌ನಲ್ಲಿ ಜರ್ಮನಿಯ ಡಾಗ್‌ಸ್ಟೂಲ್‌ನಲ್ಲಿ ಹಲವು ದೇಶಗಳ ಸಂಶೋಧಕರು ಮತ್ತು ಕಂಪನಿಯವರು ಒಂದು ವಾರ ಕೂತು ವ್ಯಾಖ್ಯೆ ಒಪ್ಪಿಕೊಂಡರು. ಅದರ ಸಾರ: ಇವತ್ತಿಗೆ ಅನುಕೂಲ, ಆದರೆ ಮುಂದಿನ ಬದಲಾವಣೆಯನ್ನು ದುಬಾರಿ ಅಥವಾ ಅಸಾಧ್ಯ ಮಾಡುವ ವಿನ್ಯಾಸ ಇಲ್ಲವೇ ಕೋಡ್. 2018ರಿಂದ ಇದಕ್ಕೇ ಮೀಸಲಾದ ಅಂತಾರಾಷ್ಟ್ರೀಯ ಸಮ್ಮೇಳನ ಇದೆ. ಮೊದಲನೆಯದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆಯಿತು.

ಬ್ರೆಜಿಲ್‌ನ ಸಂಶೋಧಕರು ಶುರು ಮಾಡಿದ 'ಇನ್‌ಸೈಟ್‌ಡಿ' ಸಮೀಕ್ಷೆಯ ರೀತಿ ನನಗೆ ಇಷ್ಟ. ಒಂದೇ ಪ್ರಶ್ನಾವಳಿಯನ್ನು ಚಿಲಿ, ಕೊಲಂಬಿಯಾ, ಕೋಸ್ಟರಿಕಾ, ಸರ್ಬಿಯಾ, ಅಮೆರಿಕ ಮುಂತಾದ ಕಡೆಯ ತಂಡಗಳು ತಮ್ಮ ತಮ್ಮ ದೇಶದಲ್ಲಿ ಕೇಳಿದವು. ಸಾಲ ಯಾಕೆ ಮಾಡಿದಿರಿ ಅಂದರೆ ಎಲ್ಲೆಡೆ ಮುಂಚೂಣಿಯಲ್ಲಿ ಬಂದ ಉತ್ತರ ಒಂದು: ಗಡುವು.

ಇನ್ನೊಂದು ಅಧ್ಯಯನ ಬೇರೆ ದಾರಿ ಹಿಡಿಯಿತು. 2014ರಲ್ಲಿ ಅನಿಕೇತ್ ಪೋತದಾರ್ ಮತ್ತು ಇಮಾದ್ ಶಿಹಾಬ್, ಒಬ್ಬರು ಅಮೆರಿಕದ, ಇನ್ನೊಬ್ಬರು ಕೆನಡಾದ ವಿಶ್ವವಿದ್ಯಾಲಯದವರು, ಪ್ರೋಗ್ರಾಮರ್‌ಗಳನ್ನು ಕೇಳದೆ ಅವರ ಕೋಡನ್ನೇ ಓದಿದರು. ಕೋಡಿನ ನಡುವೆ ಬರೆಯುವ ಟಿಪ್ಪಣಿಗಳಲ್ಲಿ 'ಇದು ತಾತ್ಕಾಲಿಕ', 'ಆಮೇಲೆ ಸರಿ ಮಾಡಬೇಕು' ಎಂಬ ಧಾಟಿಯ ಮಾತು ಹುಡುಕಿದರು. ನಾಲ್ಕು ದೊಡ್ಡ ಮುಕ್ತ ತಂತ್ರಾಂಶಗಳಲ್ಲಿ ಇಂಥ 62 ಬಗೆಯ ಮಾತು ಸಿಕ್ಕವು. ಶೇ. 2.4ರಿಂದ ಶೇ. 31ರಷ್ಟು ಕಡತಗಳಲ್ಲಿ ಬರೆದವರೇ ಸಾಲ ಒಪ್ಪಿಕೊಂಡಿದ್ದರು. ಅದರಲ್ಲಿ ಮುಂದೆ ತೀರಿದ್ದು ಶೇ. 26.3ರಿಂದ 63.5ರಷ್ಟು ಮಾತ್ರ. ಹೆಚ್ಚು ಸಾಲ ಮಾಡಿದವರು ಹೊಸಬರಲ್ಲ, ಅನುಭವಿಗಳು. ಗಡುವಿನ ಒತ್ತಡಕ್ಕೂ ಇದಕ್ಕೂ ನೇರ ಸಂಬಂಧ ಕಾಣಲಿಲ್ಲ.

ಕೇಳಿದರೆ ಗಡುವು ಅನ್ನುತ್ತಾರೆ, ಕೋಡ್ ಓದಿದರೆ ಗಡುವು ಕಾಣುವುದಿಲ್ಲ. ಎರಡೂ ಬಗೆಯ ಲೆಕ್ಕ ಬೇಕು ಅನ್ನುವುದು ಇದಕ್ಕೇ. ಒಂದೇ ದೇಶ, ಒಂದೇ ಕಂಪನಿ ನೋಡಿ ತೀರ್ಮಾನ ಮಾಡಿದರೆ ನಮ್ಮ ನೆಪವನ್ನೇ ಕಾರಣ ಅಂತ ನಂಬಿಬಿಡುತ್ತೇವೆ.

ನಮ್ಮ ಪಾಲು

ಇಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಆ 62 ಮಾತುಗಳು ಇಂಗ್ಲಿಷ್ ಟಿಪ್ಪಣಿಗಳಿಂದ ತೆಗೆದವು. ಸಂಭಾಜಿನಗರದ ಹುಡುಗ ತನ್ನ ಕೋಡಿನಲ್ಲಿ 'ನಂತರ ಬಘೂ' ಅಂತ ಮರಾಠಿಯಲ್ಲಿ ಬರೆದರೆ, ಕಲಬುರಗಿಯ ಹುಡುಗಿ 'ಬಾದ್ ಮೆ ಠೀಕ್ ಕರನಾ' ಅಥವಾ 'ಸದ್ಯಕ್ಕೆ ಹಿಂಗಿರಲಿ' ಅಂತ ಬರೆದರೆ ಆ ಪಟ್ಟಿ ಅದನ್ನು ಹಿಡಿಯುವುದಿಲ್ಲ. 'ಜುಗಾಡ್' ಎಂಬ ಒಂದು ಪದದಲ್ಲಿ ನಮ್ಮ ದೇಶ ಎಷ್ಟು ತಾಂತ್ರಿಕ ಸಾಲ ಒಪ್ಪಿಕೊಂಡಿದೆಯೋ! ನಮ್ಮ ಭಾಷೆಗಳ ಇಂಥ ಮಾತುಗಳನ್ನು ಕೂಡಿಸಿ ಪಟ್ಟಿ ಮಾಡುವುದು ಒಂದು ಒಳ್ಳೆಯ ಫೈನಲ್ ಇಯರ್ ಪ್ರಾಜೆಕ್ಟ್. ಮುಕ್ತ ತಂತ್ರಾಂಶಗಳ ಕೋಡ್ ಎಲ್ಲರಿಗೂ ತೆರೆದಿದೆ. ದುಬಾರಿ ಲ್ಯಾಬ್ ಬೇಡ, ಎರಡು ಮೂರು ಭಾಷೆ ಬಂದರೆ ಸಾಕು. ಉರ್ದು, ಕನ್ನಡ, ಮರಾಠಿ, ಹಿಂದಿ ಮನೆಯಲ್ಲೇ ಕಲಿತ ಮಕ್ಕಳಿಗೆ ಇದು ಕೊರತೆಯಲ್ಲ, ಬಂಡವಾಳ.

ಕೆಲಸಕ್ಕೆ ಹೋಗುವವರಿಗೆ ಕೆಲವು ಅಭ್ಯಾಸಗಳು ಈಗಿನಿಂದಲೇ ಬರಲಿ. ಅವಸರದಲ್ಲಿ ಅಡ್ಡದಾರಿ ಹಿಡಿದರೆ ಅಲ್ಲೇ ಬರೆಯಿರಿ: ಏನು ಬಿಟ್ಟೆ, ಯಾಕೆ ಬಿಟ್ಟೆ, ಯಾವಾಗ ಇದು ತೊಂದರೆ ಕೊಡಬಹುದು. ಬರೀ 'ಆಮೇಲೆ ನೋಡೋಣ' ಸಾಲದು, ತಾರೀಖು ಹಾಕಿ. ಸಾಲಗಳನ್ನೆಲ್ಲ ಒಂದು ಕಡೆ ಪಟ್ಟಿ ಮಾಡಿ, ಯಾವುದರ ಬಡ್ಡಿ ಹೆಚ್ಚು ಅಂತ ನೋಡಿ. ಯಾರೂ ಮುಟ್ಟದ ಹಳೆಯ ಕೋಡಿನ ಕೊಳಕು ಹಾಗೇ ಇರಲಿ; ವಾರಕ್ಕೊಮ್ಮೆ ತಿದ್ದಬೇಕಾದ ಕಡೆ ಮೊದಲು ಕೈ ಹಾಕಿ. ಹೊಸ ಕೆಲಸದ ಜೊತೆ ಸ್ವಲ್ಪ ಹಳೆಯದನ್ನೂ ತೀರಿಸುತ್ತಾ ಹೋಗಿ. ಕೆಲಸ ಬಿಡುವಾಗ ಕೀಲಿಕೈ ಕೊಡುವಂತೆ ಆ ಪಟ್ಟಿಯನ್ನು ಮುಂದಿನವರಿಗೆ ಕೊಟ್ಟು ಹೋಗಿ.

ಇನ್ನು ಸಂಘ, ಶಾಲೆ, ಪತ್ರಿಕೆ ನಡೆಸುವ ಹಿರಿಯರಿಗೆ. ನಿಮ್ಮ ಕಪಾಟಿನಲ್ಲಿ ಹಳೆಯ ಸಿಡಿ, ಪೆನ್‌ಡ್ರೈವ್‌ಗಳಲ್ಲಿ ಇನ್‌ಪೇಜ್ ಮತ್ತು ನುಡಿ ಕಡತಗಳಿರುತ್ತವೆ: ವಿಶೇಷಾಂಕಗಳು, ಭಾಷಣಗಳು, ತೀರಿಹೋದವರ ಕವಿತೆಗಳು. ಆ ಕಡತ ತೆರೆಯುವ ಕಂಪ್ಯೂಟರ್ ಇನ್ನೂ ಒಂದೆರಡು ಕಡೆ ಓಡುತ್ತಿದೆ, ಟೈಪ್ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ರಜೆಯಲ್ಲಿ ನಾಲ್ಕು ವಿದ್ಯಾರ್ಥಿಗಳನ್ನು ಕೂರಿಸಿ ಅವನ್ನು ಯುನಿಕೋಡ್‌ಗೆ ಬದಲಿಸಿ, ಹಳೆಯವರಿಂದ ಒಮ್ಮೆ ಓದಿಸಿ ತಿದ್ದಿಸಿ. ಯಾವ ಕಡತ ಆಯಿತು, ಯಾವುದು ಬಾಕಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಾಕಿ ಉಳಿದದ್ದನ್ನು ಮುಂದಿನ ರಜೆಯಲ್ಲಿ ಬೇರೆ ನಾಲ್ವರು ಮುಂದುವರಿಸಲಿ.